ವ್ಯಾನಿನ ಮುಂದಿನ ಸೀಟು
ನನ್ನ ತಮ್ಮ ಮೂರು ಸಾಲು ಸೀಟಿನ ಐಷಾರಾಮಿ ಕಾರು ಕೊಳ್ಳುತ್ತಾನೆ ಅಂತ ಗೊತ್ತಾದ ದಿನ ನನಗೆ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ಸೆಕೆಂಡ್ ಹ್ಯಾಂಡೇ ಇರಲಿ, ಸಾಹುಕಾರರು ಓಡಿಸಿ ಬಿಟ್ಟ ಗಾಡಿ ಅದು. ಅವನು ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಾನೆ, ಬೆಲ್ಲ ಅವನ ಕೈ ಹಿಡಿದಿದೆ. ನಾನು ಪಾಲಹಳ್ಳಿಯಲ್ಲಿ ಅಪ್ಪ ಬಿಟ್ಟ ಗದ್ದೆ, ಹಸುಗಳು ಮತ್ತು ಒಂದು ಹಳೇ ವ್ಯಾನು ಇಟ್ಟುಕೊಂಡವನು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಕಾರು ಹಾಳಾಗಿ ಹೋಗಲಿ, ನನ್ನ ಸಂಕಟ ಬೇರೆ. ವರ್ಷಕ್ಕೊಮ್ಮೆ ನಾವೆಲ್ಲ ನಾಗಮಂಗಲದ ಕಡೆಯ ಮನೆದೇವರಿಗೆ ಹೋಗಿ ಮರಿ ಹೊಡೆದು ಊಟ ಹಾಕುತ್ತೇವೆ. ಎಲ್ಲರನ್ನೂ ತುಂಬಿಕೊಂಡು ಹೋಗುತ್ತಿದ್ದುದು ನನ್ನ ವ್ಯಾನು. ಮುಂದೆ ನನ್ನ ಪಕ್ಕದ ಸೀಟು ಅವ್ವನದು. ಅಲ್ಲಿ ನನ್ನ ಹೆಂಡತಿಯೂ ಕೂತವಳಲ್ಲ. ತಮ್ಮ ಎಷ್ಟೇ ದುಡಿಯಲಿ, ಅವ್ವ ಕೂರುವುದು ನನ್ನ ಪಕ್ಕ ಅನ್ನುವ ಜಂಬ ನನಗೆ. ಇನ್ನು ಅದೂ ಹೋಗುತ್ತದಲ್ಲ!

ಕೊಳ್ಳುವಾಗ ದೊಡ್ಡವನು ಜೊತೆಗಿರಬೇಕು ಅಂತ ತಮ್ಮ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೋದ. ಬಾಬುರಾಯನಕೊಪ್ಪಲು ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿ ಹಳೇ ಕಾರು ಮಾರುವ ಜಾಗ. ಕಪ್ಪು ಕಾರು, ಮೈ ತೊಳೆದ ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಏನಾದರೂ ಹುಳುಕು ಸಿಗಲಪ್ಪ ದೇವರೇ ಅಂತ ಬಾನೆಟ್ ಎತ್ತಿಸಿದೆ, ಟೈರು ಒದ್ದೆ, ಬಗ್ಗಿ ಆಯಿಲ್ ಸೋರುತ್ತಿದೆಯಾ ನೋಡಿದೆ. ಏನೂ ಇಲ್ಲ. ಕೊನೆಗೆ ಮೂರನೇ ಸಾಲಿಗೆ ತೂರಿ ಕೂತೆ. ಮಂಡಿ ಗಲ್ಲಕ್ಕೆ ಬಂತು. ಎಂಥಾ ಖುಷಿಯಾಯಿತು ಅಂತೀರಿ!

"ಲೇ, ಇಂದ್ಗಡೆ ಕೋಳಿ ಕೂಡ ಕೂರಕ್ಕಾಗಲ್ಲ ಕಣ್ಲಾ. ಇದೂ ಒಂದ್ ಗಾಡಿಯಾ?" ಅಂದೆ.

ತಮ್ಮ ನಕ್ಕ. "ಅಲ್ ಐಕ್ಳು ಕೂತ್ಕತವೆ ಬುಡಣ್ಣ."

ಅವ್ವ ನಡುವಿನ ಸಾಲಿನಲ್ಲಿ ಕೂತಿದ್ದಳು. ಮಾರುವವನು ಗುಂಡಿ ಒತ್ತಿದ, ಸೀಟು ತಾನಾಗಿ ಹಿಂದಕ್ಕೆ ಒರಗಿತು. ಅವ್ವ ಕಣ್ಣು ಮುಚ್ಚಿ ಉಸ್ಸಪ್ಪಾ ಅಂದಳು. ನನ್ನ ಹೊಟ್ಟೆಯೊಳಗೆ ಆಲೆಮನೆ ಒಲೆ ಹತ್ತಿಕೊಂಡಿತು. ಮುದುಕಿಗೂ ಶೋಕಿ ಬಂತು ಅಂದುಕೊಂಡೆ. ತಮ್ಮ ಅಲ್ಲೇ ವ್ಯಾಪಾರ ಮುಗಿಸಿದ.

ದೇವರಿಗೆ ಹೊರಟ ದಿನ ಎಲ್ಲರೂ ಆ ಕಾರಿಗೆ ನುಗ್ಗಿದರು, ನನ್ನ ಹೆಂಡತಿಯೂ. ಅವ್ವ ಮೊದಲೇ ಹತ್ತಿ ಒರಗಿಕೊಂಡಿದ್ದಳು. ಮರಿ ಮಾತ್ರ ದೊಡ್ಡ ಮಗನ ಗಾಡಿಯಲ್ಲೇ ಹೋಗಬೇಕು, ಅದು ನಮ್ಮ ಮನೆಯ ಕಟ್ಟಳೆ.

"ಕಟ್ಟಳೆ ಮೀರಕ್ಕಾಯ್ತದಾ ಅಣ್ಣ?" ಅಂದ ತಮ್ಮ. ಅವನ ಸೀಟು ಗಬ್ಬಾಗುವುದು ತಪ್ಪಿತಲ್ಲ!

ಹೀಗೆ ಆ ಕಾರಿನ ಹಿಂದೆ ವ್ಯಾನಿನಲ್ಲಿ ನಾನೂ ಟಗರುಮರಿಯೂ ಇಬ್ಬರೇ. ದಾರಿಯುದ್ದಕ್ಕೂ ಅದು ಮ್ಯಾ ಅನ್ನುವುದು, ನಾನು ಬೈಯುವುದು. ಪಕ್ಕದ ಸೀಟು ಖಾಲಿ.

ಊಟವಾದ ಮೇಲೆ ಅವ್ವ ಮರದ ನೆರಳಲ್ಲಿ ಎಲೆಯಡಿಕೆ ಹಾಕುತ್ತಿದ್ದಳು. ತಡೆಯಲಾರದೆ ಕೇಳಿಯೇ ಬಿಟ್ಟೆ. "ಏನವ್ವ, ನನ್ ಗಾಡಿ ಮರ್ತೇ ಓಯ್ತಾ?"

"ಮರೆಯಕ್ಕೆ ಸೊಂಟ ಬುಟ್ಟದಾ?" ಅಂದಳು. "ನಿನ್ ಗಾಡೀಲಿ ಬಂದ್ರೆ ರಾತ್ರಿಯೆಲ್ಲ ಮಗ್ಗುಲು ಬದಲಾಯ್ಸಕ್ಕಾಯ್ತಿರ್ನಿಲ್ಲ ಕಣ್ ಮಗ. ಆಸೆಯಿಂದ ಸೀಟು ಒರ್ಸಿ ಕೂರುಸ್ತಿದ್ದಲ್ಲ, ಅದ್ಕೇ ಬಾಯ್ಬುಡ್ನಿಲ್ಲ."

ನಾನು ಎದ್ದು ಹೋಗಿ, ಮರಿ ಗಬ್ಬೆಬ್ಬಿಸಿದ್ದ ವ್ಯಾನು ತೊಳೆದೆ.

ಹೊರಡುವ ಹೊತ್ತಿಗೆ ಅವ್ವ ಸೀದಾ ನನ್ನ ವ್ಯಾನಿನ ಹತ್ತಿರ ಬಂದಳು. "ಒಬ್ನೇ ಯಾಕ್ ಬತ್ತೀಯ, ತಗಿ ಬಾಗ್ಲ," ಅಂದಳು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಸೊಂಟದ ಮೇಲೆ. ಇಷ್ಟು ವರ್ಷ ಆ ಇನ್ನೊಂದು ಕೈ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತಲಿ, ಹತ್ತಿಬಿಡಲಿ ಅಂತ ಜೀವ ಬಡಿದುಕೊಳ್ಳುತ್ತಿತ್ತು.

"ಬ್ಯಾಡ ಕಣವ್ವ, ಅದ್ರಲ್ಲೇ ಕೂತ್ಕ ಓಗು," ಅಂದೆ.

ಒಂದು ಸಲವಾದರೂ ಇಲ್ಲ, ನಿನ್ ಜೊತೇಲೇ ಬತ್ತೀನಿ ಅನ್ನುತ್ತಾಳೆ ಅಂತ ಕಾದೆ. ಅವಳು ಆಗಲೇ ಕಾರಿನ ಕಡೆ ನಡೆದಿದ್ದಳು. ಅಲ್ಲಿ ತಮ್ಮ ಬಾಗಿಲು ತೆಗೆದು, ಹೆಗಲ ಟವೆಲ್ಲಿನಲ್ಲಿ ಸೀಟು ಒರೆಸಿ, ಅವ್ವನನ್ನು ಕೂರಿಸಿದ.