ಮರಳಿನಡಿಯ ಹಿಮಕ್ಕೆ ಹಸನಬ್ಬನ ಸರಳು

ಸೌದಿಯ ಜುಬೈಲಿನಲ್ಲಿ ಬೆಳಗಿನ ಸುಬಹಿ ನಮಾಜ್ ಮುಗಿದಿದೆ. ಕಂಪೆನಿ ಬಸ್ಸುಗಳು ಕ್ಯಾಂಪಿನ ಬಾಗಿಲಲ್ಲಿ ಆಕಳಿಸ್ತಾ ನಿಂತಿವೆ. ಅಲ್ಲೇ ಒಂದು ಖಾಲಿ ಕೋಲ್ಡ್ ಸ್ಟೋರೇಜಿನ ಒಳಗೆ ಹಸನಬ್ಬ ಮೊಣಕಾಲೂರಿ, ಕಣ್ಣು ಮುಚ್ಚಿ, ಉದ್ದದ ಕಬ್ಬಿಣದ ಸರಳನ್ನ ನೆಲದ ತೂತಿನೊಳಗೆ ಇಳಿಸ್ತಾ ಇದ್ದಾರೆ. ಸರಳು ನಿಲ್ಲುತ್ತೆ. ಹಿಡಿಗೆ ಕಿವಿ ಕೊಡ್ತಾರೆ. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಹಾಗೆ ಸಣ್ಣ ಸದ್ದು.

"ಇನ್ನೂ ಮಲಗಿದೆ," ಅಂತಾರೆ.

ಮಲಗಿರೋದು ಹಿಮ. ಹೌದು, ಮರಳುಗಾಡಿನ ಹೊಟ್ಟೆಯಲ್ಲಿ! ಇಲ್ಲಿ ಇಪ್ಪತ್ತು ವರ್ಷ ಫ್ರೋಜನ್ ಕೋಳಿ ಇಡ್ತಿದ್ರು. ಚಳಿ ನೆಲಕ್ಕಿಳಿಯದ ಹಾಗೆ ಕಾಯಬೇಕಾದ ಬಿಸಿ ಪೈಪುಗಳು ಯಾವಾಗಲೋ ಕೆಟ್ಟವು. ಚಳಿ ಕಳ್ಳನ ಹಾಗೆ ಕೆಳಗಿಳೀತು. ಒದ್ದೆ ಮರಳು ಎರಡು ಮೀಟರ್ ಆಳದವರೆಗೆ ಹೆಪ್ಪುಗಟ್ಟಿ, ಉಬ್ಬಿ, ಕಾಂಕ್ರೀಟನ್ನೇ ಎತ್ತಿತು. ಹೊರಗೆ ನಲವತ್ತನಾಲ್ಕು ಡಿಗ್ರಿ, ಅಡಿಯಲ್ಲಿ ಉತ್ತರ ಧ್ರುವ.

ಈಗ ಯಂತ್ರ ನಿಲ್ಲಿಸಿ, ಬಾಗಿಲು ತೆರೆದಿಟ್ಟು ಕರಗಿಸ್ತಾ ಇದ್ದಾರೆ. ಇಪ್ಪತ್ತನಾಲ್ಕು ತೂತು, ಒಂದೊಂದಕ್ಕೆ ಮೂರು ಸಲ, ದಿನಕ್ಕೆ ಎಪ್ಪತ್ತೆರಡು ಬಾರಿ ಸರಳು ಇಳಿಸಿ ಎಷ್ಟು ಆಳ ಕರಗಿದೆ ಅಂತ ನೋಡೋದು ಹಸನಬ್ಬನವರ ಕೆಲಸ. ಕಂಬಿ ಎಣಿಸೋದಲ್ಲ, ಕಂಬಿ ಇಳಿಸೋದು! ಇಕಾಮಾ ಅನ್ನೋ ವಾಸದ ಪರವಾನಗಿಯಲ್ಲಿ ಇವರು ಬರೀ 'ಲೇಬರ್', ಅಂದ್ರೆ ಆಳು. ಇರಲಿ, ಆಳ ಬಲ್ಲ ಆಳು.

ವಯಸ್ಸು ಐವತ್ತೇಳು, ಊರು ಪಾಣೆಮಂಗಳೂರು. ಗಲ್ಫಿಗೆ ಬರೋ ಮೊದಲು ನೇತ್ರಾವತಿಯಲ್ಲಿ ಮರಳಿನ ದೋಣಿ. "ಬಿದಿರಿನ ಗಳ ಊರಿದ್ರೆ ಸಾಕು, ಅಡಿಯಲ್ಲಿ ಮರಳಾ, ಕೆಸರಾ, ಕಲ್ಲಾ ಅಂತ ಅಂಗೈ ಹೇಳ್ತಿತ್ತು."

ಆ ಅಂಗೈಗೂ ಇಲ್ಲಿ ಒಮ್ಮೆ ಮೋಸ ಆಗಿದೆ. "ಮೊದಲ ವಾರವೇ ಮರ್ಯಾದೆ ಹೋಯ್ತು ಮಾರಾಯ್ರೆ. ಚಾ ಕುಡೀಲಿಕ್ಕೆ ಹೋಗುವಾಗ ಸರಳನ್ನು ಬಿಸಿಲಿಗೆ ಒರಗಿಸಿಟ್ಟೆ. ದೋಣಿಯ ಗಳ ಒಣಗಿಸ್ಲಿಕ್ಕೆ ಇಡ್ತಿದ್ವಲ್ಲ, ಅದೇ ಅಭ್ಯಾಸ. ಸುಡುವ ಸರಳು ಐಸನ್ನೇ ಕರಗಿಸಿಕೊಂಡು ಒಂದು ಬೆರಳು ಜಾಸ್ತಿ ಇಳೀತು. ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟಿ, ಮಾರನೇ ದಿನ ನೋಡಿದ್ರೆ ಆಳ ಕಮ್ಮಿ! ಸುಶಾಂತ್ ಸರ್ ಕೇಳಿದ್ರು, ಹಸನಾಕ, ಯಾರಾದ್ರೂ ಬಂದು ಐಸ್ ತುಂಬಿಸಿ ಹೋದ್ರಾ ಅಂತ." ಆವತ್ತಿಂದ ಸರಳಿಗೆ ನೆರಳೇ ಗತಿ.

ಸುಶಾಂತ್ ಉಡುಪಿಯ ಇಂಜಿನಿಯರ್. ನೆಲ ಗಟ್ಟಿ ಅಂತ ಸಹಿ ಹಾಕಬೇಕಾದವರು. ಹಜ್ ಹತ್ತಿರ ಬಂದಿದೆ, ಮಕ್ಕಾಗೆ ಹೋಗಬೇಕಾದ ಕೋಳಿ ಬಂದರಿನಲ್ಲಿ ಕಾಯ್ತಾ ಇದೆ. ಇಪ್ಪತ್ತಮೂರು ತೂತಲ್ಲಿ ಸರಳು ಪೂರ್ತಿ ಇಳೀತದೆ. ಹದಿನೇಳನೇದರಲ್ಲಿ ಮಾತ್ರ ಒಂದೂವರೆ ಮೀಟರಿಗೆ ಅಡ್ಡ. ಮ್ಯಾನೇಜರ್ ಕೈ ಕೊಡವಿ "ಖಲಾಸ್, ಅದು ಕಲ್ಲು" ಅಂತ ಮುಗಿಸಿದ್ದಾರೆ.

"ಹಸನಾಕ, ಒಂದು ಕಲ್ಲಿಗೋಸ್ಕರ ಇಡೀ ಗೋಡೌನ್ ನಿಲ್ಲಿಸ್ಲಿಕ್ಕೆ ಆಗ್ತದಾ?" ಸುಶಾಂತ್ ಕೇಳ್ತಾರೆ.

"ಕಲ್ಲಾದ್ರೆ ನನ್ನ ತಲೆ ಮೇಲೆ ಹಾಕಿ ಸರ್. ಐಸಾದ್ರೆ ಚನಿಯನ ತಲೆ ಮೇಲೆ ಬೀಳ್ತದೆ."

ಚನಿಯ ಬಂಟ್ವಾಳದ ಫೋರ್ಕ್‌ಲಿಫ್ಟ್ ಡ್ರೈವರ್. ಅಡಿಯ ಐಸು ಆಮೇಲೆ ಕರಗಿ ನೆಲ ಕುಸಿದ್ರೆ, ಹತ್ತು ಮೀಟರಿನ ರ‍್ಯಾಕ್ ವಾಲೋದು ಅವನು ಓಡಾಡೋ ದಾರಿಗೇ.

ಮಧ್ಯಾಹ್ನ ಹಸನಬ್ಬ ಸರಳನ್ನ ಬೇಕಂತಲೇ ಬಿಸಿಲಿಗಿಡ್ತಾರೆ. ಅರ್ಧ ಗಂಟೆ ಬಿಟ್ಟು, ಕೈಗೆ ಗೋಣಿ ಸುತ್ತಿ ತಂದು ಹದಿನೇಳಕ್ಕೆ ಇಳಿಸಿ, ಮೈಭಾರ ಹಾಕಿ ನಿಲ್ತಾರೆ. ಸುಶಾಂತ್, ಚನಿಯ ಬಗ್ಗಿ ನೋಡ್ತಾರೆ. ಸರಳು ಅಲ್ಲಾಡಲ್ಲ. ಮತ್ತೆ ಬಿಸಿಲು, ಮತ್ತೆ ತೂತು. ಈ ಸಲ ಸರಳು ಕನಸಿನಲ್ಲಿ ಮಗ್ಗುಲು ಬದಲಿಸಿದ ಹಾಗೆ ಮೆಲ್ಲಗೆ, ಒಂದು ಬೆರಳಿನಷ್ಟು ಇಳೀತದೆ.

"ಕಲ್ಲು ಬಿಸಿಲಿಗೆ ಹೀಗೆ ದಾರಿ ಬಿಡ್ತದಾ ಸರ್?"

ಸುಶಾಂತ್ ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕ್ತಾರೆ. ಕೋಳಿ ಬೇರೆ ಗೋಡೌನಿಗೆ ಹೊರಡ್ತದೆ.

"ಎಂತ ಹಸನಾಕ, ಇನ್ನು ಒಂದು ತಿಂಗಳು ನನಗೆ ನೊಣ ಹೊಡೆಯುವ ಕೆಲಸವಾ?" ಚನಿಯ ರೇಗ್ತಾನೆ.

"ಹೊಡಿ ಮಾರಾಯ. ಹೊಡೀಲಿಕ್ಕೆ ಕೈ ಉಂಟಲ್ಲ!"

ಆಸೆ ಏನು ಅಂತ ಕೇಳಿದ್ರೆ ಹಸನಬ್ಬ ದಪ್ಪ ಬೂಟಿನ ಕಡೆ ನೋಡ್ತಾರೆ. "ಪೂರ್ತಿ ಕರಗಿದ ದಿನ ಇದನ್ನು ಕಳಚಿ, ಹದಿನೇಳರ ಹತ್ತಿರ ಬರಿಗಾಲಲ್ಲಿ ಒಮ್ಮೆ ನಿಲ್ಬೇಕು. ಅಡಿಯಲ್ಲಿ ಯಾರೂ ಮಲಗಿಲ್ಲ ಅಂತ ಕಾಲಿಗೂ ಗೊತ್ತಾಗ್ಲಿ."