ಯುಗಾದಿಯ ಎರಡನೇ ಎಲೆ

ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ಅನಾಥ ಮಕ್ಕಳ ಶಾಲೆಯನ್ನು ಊರವರೇ ಸಾಕುತ್ತಿದ್ದೆವು. ತೋಟವಿದ್ದವರು ಕೊಬ್ಬರಿ ಕೊಡುವುದು, ಯುಗಾದಿಗೆ ಮನೆಗೊಂದು ಮಗುವನ್ನು ಊಟಕ್ಕೆ ಕರೆಸಿಕೊಳ್ಳುವುದು ಎಪ್ಪತ್ತರ ದಶಕದಿಂದಲೂ ವಾಡಿಕೆ.

ಗಂಡ ತೀರಿಕೊಂಡ ಮರುವರ್ಷವೂ ನಾನು ಅಟ್ಟದ ಕೊಬ್ಬರಿ ಇಳಿಸಿಕೊಟ್ಟೆ. ಹಬ್ಬದ ದಿನ ಹೋಳಿಗೆ ಮಾಡಿ, ಎರಡು ಎಲೆ ಹಾಕಿ ಕಾದೆ. ಮಗು ಬರಲಿಲ್ಲ. ಶಾಲೆಗೇ ಹೋದೆ. ಮೇಷ್ಟ್ರು ಒಬ್ಬರೇ ಇದ್ದರು.

“ಮಕ್ಳೆಲ್ಲ ಹೊಂಟೋದ್ವು ಕಣಮ್ಮ. ಒಬ್ರೇ ಇದೀರಿ, ಹಬ್ಬದ ದಿನ ನಿಮ್ಗ್ಯಾಕೆ ತೊಂದ್ರೆ ಅಂತ ನಿಮ್ಮನೆ ಬುಟ್ಬುಟ್ವಿ.”

“ಕೊಬ್ಬರಿ ಹೊತ್ಕೊಂಡು ಹೋಗೋವಾಗ ನಾನು ಒಬ್ಳೇ ಅಂತ ಗೊತ್ತಿರ್ಲಿಲ್ವೇನ್ರೀ?” ಎಂದು ರೇಗಿದೆ.

ಸ್ವಲ್ಪ ಹೊತ್ತಿಗೆ ಮೇಷ್ಟ್ರನ್ನೂ ಯಾರೋ ಊಟಕ್ಕೆ ಕರೆದುಕೊಂಡು ಹೋದರು.

ಅಂದು ಊರಿನ ಅನಾಥರಿಗೆಲ್ಲ ಒಂದೊಂದು ಮನೆಯಿತ್ತು. ಶಾಲೆಯ ಜಗಲಿಯ ಮೇಲೆ ನಾನೊಬ್ಬಳೇ ಕೂತಿದ್ದೆ.