ಮಾವನ ಪಕ್ಕದ ಲಾಳಿ

ಮಗ್ಗ ಕಲಿಯುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಚಳ್ಳಕೆರೆಯಲ್ಲಿ ಅಪ್ಪನ ಎಣ್ಣೆ ಮಿಲ್ಲು, ಶೇಂಗಾ ಹಿಂಡಿಯ ಚೀಲಗಳ ನಡುವೆ ಬೆಳೆದವಳು ನಾನು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದ ಮೇಲೂ, ನಡುಮನೆಯಲ್ಲಿ ಮಾವ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದರೆ ನಾನು ಸದ್ದಿಲ್ಲದೆ ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದೆ. ನಮ್ಮ ಮಾವ ಸೊಸೆಯ ಜೊತೆ ಮಾತಾಡುವವರಲ್ಲ. ಜಗಳವೇನಿಲ್ಲ, ಅವರ ಪ್ರಕಾರ ಅದು ಮರ್ಯಾದೆ. ನೀರು ಬೇಕಾದರೆ ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ಅಷ್ಟರಲ್ಲಿ ನಾನು ಚೊಂಬು ತಂದು ಇಟ್ಟಾಗಿರುತ್ತಿತ್ತು.

ನಾದಿನಿಗೆ ಮದುವೆ ಗೊತ್ತಾದಾಗ, ಮಗಳ ಧಾರೆ ಸೀರೆ ತಾನೇ ನೇಯುತ್ತೇನೆಂದು ಮಾವ ಬೀಗರ ಮುಂದೆ ಹೇಳಿಬಿಟ್ಟರು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಆ ಸೀರೆಗೆ ಅಡ್ಡ ಎಳೆ ಹಾಯಿಸಲು ಮೂರು ಲಾಳಿ. ಒಬ್ಬರ ಕೈಗೆ ಅದು ಎಟುಕುವುದಿಲ್ಲ. ಒಂದು ಅಂಚಿನ ಲಾಳಿಯನ್ನು ಪಕ್ಕದಲ್ಲಿ ಕೂತವರು ಹಾಕಬೇಕು, ಒಡಲಿನ ಎಳೆಗೂ ಅಂಚಿನ ಎಳೆಗೂ ಅಲ್ಲೇ ಕೊಂಡಿ ಬೀಳಬೇಕು. ತಾವು ಮದುವೆಯಾಗಿ ಬಂದಂದಿನಿಂದ ಆ ಜಾಗ ಅತ್ತೆಯದು. ಸರಿಯಾಗಿ ಆಗಲೇ ಅತ್ತೆಗೆ ಕಣ್ಣಿನ ಪೊರೆ ತೆಗೆದರು. ಡಾಕ್ಟರು ಬಗ್ಗಬಾರದು ಎಂದರು. ನನ್ನ ಗಂಡ ಬಸ್ಸಿನ ಕಂಡಕ್ಟರು, ಬೆಳಕು ಹರಿಯುವ ಮೊದಲೇ ಮನೆ ಬಿಡುವವರು. ಲಗ್ನದ ಕಾಲವಾದ್ದರಿಂದ ಊರಲ್ಲಿ ಖಾಲಿ ಕೂತವರು ಯಾರೂ ಸಿಗಲಿಲ್ಲ. ನಾದಿನಿಯನ್ನು ಕೂರಿಸೋಣ ಎಂದರೆ, ಮದುಮಗಳು ತನ್ನ ಧಾರೆ ಸೀರೆಗೆ ತಾನೇ ಕೈ ಹಾಕಬಾರದಂತೆ. ಅವಳು ಮೊಬೈಲ್ ಹಿಡಿದು ಆರಾಮಾಗಿ ಮಲಗಿದ್ದಳು.

"ನೀನೇ ಕೂರವ್ವ. ಲಾಳಿ ಹಾಕದು, ತೆಗಿಯದು, ಅಷ್ಟೇಯ" ಎಂದರು ಅತ್ತೆ.

ಅಷ್ಟೇಯಂತೆ! ಮಾವನ ಪಕ್ಕ, ಮೊಣಕೈಗೆ ಮೊಣಕೈ ತಾಗದ ಹಾಗೆ ಮುದುರಿಕೊಂಡು ಕೂತೆ. ದಾರ ಅಂದರೆ ನನಗೆ ಗೊತ್ತಿದ್ದದ್ದು ಹಿಂಡಿ ಚೀಲದ ಬಾಯಿ ಹೊಲಿಯುವ ದಾರ. ಅದನ್ನು ಬಲವಾಗಿ ಜಗ್ಗಬೇಕು. ಇಲ್ಲೂ ಜಗ್ಗಿದೆ. ಅಂಚು ಸುಕ್ಕಾಯಿತು.

ಮಾವ ಎದುರಿನ ಗೋಡೆ ನೋಡುತ್ತಾ ಕೂಗಿದರು: "ಸಡಿಲ ಬಿಡಾಕೆ ಹೇಳು."

ಒಳಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ ಅತ್ತೆ ಕೂಗಿದರು: "ಸಡಿಲ ಬಿಡಬೇಕಂತೆ ಕಣವ್ವ."

ಈ ಮಾತು ಅಲ್ಲಿಗೆ ಹೋಗಿ ಇಲ್ಲಿಗೆ ಬರುವಷ್ಟರಲ್ಲಿ ಮಾವನ ಕೈ ನಿಲ್ಲುತ್ತದೆಯೇ? ನಾಲ್ಕು ಎಳೆ ಮುಂದೆ ಹೋಗಿರುತ್ತಿತ್ತು. ನಾನು ಸಡಿಲ ಬಿಟ್ಟಾಗ ಅವರಿಗೆ ಬಿಗಿ ಬೇಕಾಗಿರುತ್ತಿತ್ತು. "ಬಿಗಿ ಮಾಡಾಕೆ ಹೇಳು." "ಬಿಗಿ ಅಂತೆ." ಮತ್ತೆ ಸುಕ್ಕು. ಮಾವ ತೆಲುಗಿನಲ್ಲಿ "ಇದೇಂ ಕರ್ಮ" ಎಂದು ಗೊಣಗಿ ನೇಯ್ದದ್ದನ್ನು ಬಿಚ್ಚುತ್ತಿದ್ದರು. ಬೆಳಿಗ್ಗೆ ನೇಯುವುದು, ಮಧ್ಯಾಹ್ನ ಬಿಚ್ಚುವುದು. ನನ್ನ ಸೊಂಟ ಬಿದ್ದುಹೋಯಿತು, ತಲೆ ಕೆಟ್ಟು ಮೊಸರಾಯಿತು. ಎದ್ದು ಚಳ್ಳಕೆರೆ ಬಸ್ಸು ಹತ್ತಿಬಿಡೋಣ ಅನ್ನಿಸುತ್ತಿತ್ತು. ಆ ಬಸ್ಸಲ್ಲೂ ಗಂಡನೇ ಟಿಕೆಟ್ ಹರಿಯುವವರು.

ಒಂದು ದಿನ ಮಾವ ಗೋಡೆಗೆ ಹೇಳಿದರು, ಇನ್ನೊಂದು ಸಲ ಬಿಚ್ಚಿದರೆ ರೇಷ್ಮೆ ತಡೆಯುವುದಿಲ್ಲ, ಮಗಳಿಗೆ ಅಂಗಡಿ ಸೀರೆಯೇ ಗತಿ ಎಂದು. ಗಾಬರಿಯಲ್ಲಿ ನಾನು ಮತ್ತೆ ಜಗ್ಗಿದೆ.

"ಏನವ್ವಾ, ಅದು ಹಿಂಡಿ ಚೀಲ ಅಲ್ಲ, ರೇಷ್ಮೆ. ಯಾಕಂಗೆ ಜಗ್ತೀಯಾ?"

ಮಾವ, ನೇರವಾಗಿ ನನಗೇ. ಒಳಗೆ ಅತ್ತೆಯ ಮಂಚ ಕಿರುಗುಟ್ಟುವುದೂ ನಿಂತಿತು.

ನನಗೂ ತಡೆಯಲಾಗಲಿಲ್ಲ. "ನನಗೆ ಹೇಳಿದ್ರೆ ತಾನೆ ಮಾವ ಗೊತ್ತಾಗಾದು? ನೀವು ಗೋಡೆಗೆ ಹೇಳ್ತೀರಿ, ಗೋಡೆ ಅತ್ತೆಗೆ ಹೇಳ್ತೈತೆ. ನನ್ನ ಕಿವಿಗೆ ಬರಾದ್ರೊಳಗೆ ಸೀರೆ ಕೆಟ್ಟೋಗಿರ್ತೈತೆ."

ಮಾವ ನಾನು ಜಗ್ಗಿದ ಎಳೆಯನ್ನು ತಾವೇ ಬೆರಳಿಂದ ಸಡಿಲಿಸಿದರು. ಆಮೇಲೆ ಮೆಲ್ಲಗೆ, "ಬೆರಳು ಇಲ್ಲಿಡು. ಎಳೀಬ್ಯಾಡ, ಹಿಡ್ಕೊ ಸಾಕು" ಎಂದರು. ಹಿಡಿದೆ. ಅಂಚು ನೆಟ್ಟಗೆ ಬಿತ್ತು.

ಆಮೇಲೆ ಬೈಗುಳವೆಲ್ಲ ನೇರವಾಗಿಯೇ ಬಂತು. ಇಷ್ಟು ವರ್ಷದ್ದು ಕೂಡಿಟ್ಟಿದ್ದರೋ ಏನೋ. ಆದರೆ ಬಿಚ್ಚುವುದು ನಿಂತಿತು, ಸೀರೆ ಓಡಿತು.

ಸೆರಗೊಂದು ಉಳಿದಿದ್ದಾಗ ಅತ್ತೆಯ ಕಣ್ಣು ಹುಷಾರಾಯಿತು. ಕನ್ನಡಕ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹಿಂದೆ ಬಂದು ನಿಂತರು. ಸದ್ಯ ಬಿಡುಗಡೆಯಾಯಿತೆಂದು ನಾನು ಏಳಲು ಹೋದೆ. ಮಾವ ತಲೆ ಎತ್ತದೆ ನನಗೆ ಹೇಳಿದರು: "ಕೂತ್ಕೊ. ಕೈ ಬದಲಾದ್ರೆ ಸೆರಗಲ್ಲಿ ಕಾಣ್ತೈತೆ. ಈ ಸೀರೆ ಮುಗಿಯೋಗಂಟ ಜಾಗ ಇಲ್ಲ ಅಂತ ನಿಮ್ಮತ್ತೆಗೆ ಹೇಳು."

ಅತ್ತೆ ಒಂದು ಮಾರು ದೂರದಲ್ಲೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಕೇಳುಸ್ತು ಅಂತ ಹೇಳವ್ವ."